ಕುಟುಂಬದ ಆರೋಗ್ಯ: ತಿರುಗಿ ಬಾರದ ಕೂದಲು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕೂದಲಿನ ಪ್ರಶ್ನೆಯಿಲ್ಲದ ತಿಂಗಳು ವಿರಳ. ಬಾಣಂತನದ ತರುವಾಯ ಹಿಡಿ ಹಿಡಿಯಾಗಿ ಉದುರುತ್ತಿದೆಯೆಂದು ಒಬ್ಬ ತಾಯಿ ಬರೆಯುತ್ತಾರೆ; ಮಗನಿಗೆ ಕನ್ಯೆ ನೋಡುವ ಹೊತ್ತಿಗೆ ನೆತ್ತಿ ಬಯಲಾಯಿತೆಂದು ಒಬ್ಬ ತಂದೆ ಬರೆಯುತ್ತಾರೆ. ಅವಕ್ಕೆ ಹಿಂದಿನ ಸಂಚಿಕೆಗಳಲ್ಲಿ ಉತ್ತರಿಸಿದ್ದೇನೆ. ಕಳೆದ ತಿಂಗಳು ಕಮಲಾಪುರದಿಂದ ಬಂದ ಪತ್ರವೊಂದು ಮಾತ್ರ ಬೇರೆ ಬಗೆಯದು. ಬರೆದವರ ಹೆಸರು ಹೇಳುವುದು ಸಲ್ಲದು. ನೆತ್ತಿಯ ಹಿಂಬದಿಗೆ ಒಂದು ನಾಣ್ಯದಷ್ಟು ಜಾಗ ಬೋಳಾಗಿದೆ, ಅದರ ಪಕ್ಕದಲ್ಲಿ ಇನ್ನೊಂದು ತೆರೆದುಕೊಳ್ಳುತ್ತಿದೆ, ಎಣ್ಣೆ ಹಚ್ಚಿದರೆ ಉರಿಯುತ್ತದೆ, ಬೋಳಾದ ಜಾಗದ ಚರ್ಮ ಮಾತ್ರ ನುಣ್ಣಗೆ ಹೊಳೆಯುತ್ತದೆ ಎಂದು ಆ ತಾಯಿ ಬರೆದಿದ್ದಾರೆ. ಕೊನೆಗೆ ಒಂದೇ ಪ್ರಶ್ನೆ: ಕೂದಲು ಮತ್ತೆ ಬರುವುದೇ?

ಪತ್ರವನ್ನು ನಾನು ಎರಡು ಸಲ ಓದಿದೆ. ಏಕೆಂದರೆ ಇದೇ ಮಾತುಗಳನ್ನು, ಅದೇ ಕಮಲಾಪುರದಿಂದ ಬಂದ ಮತ್ತೊಬ್ಬ ಹೆಣ್ಣುಮಗಳ ಬಾಯಿಂದ ನಾನು 2004ರಲ್ಲಿ ಕೇಳಿದ್ದೆ. ಕೇಳಿಯೂ ಕೇಳದಂತೆ ಕಳುಹಿಸಿಬಿಟ್ಟಿದ್ದೆ. ಉತ್ತರ ಬರೆಯುವ ಮೊದಲು ಆ ಸಂಗತಿಯನ್ನು ಓದುಗರ ಮುಂದಿಡುವುದು ನ್ಯಾಯವೆನಿಸಿತು.

ಆಗ ನಮ್ಮ ಊರನ್ನು ಇನ್ನೂ ಗುಲಬರ್ಗಾ ಎಂದೇ ಬರೆಯುತ್ತಿದ್ದೆವು. ಕಲಬುರಗಿ ಎಂಬ ಹೆಸರು ಸರಕಾರಿ ಕಾಗದಗಳಿಗೆ ಬಂದದ್ದು 2014ರ ನವೆಂಬರ್ ಒಂದರಂದು. ನಾನು ಚಿಕ್ಕದೊಂದು ಕೋಣೆಯಲ್ಲಿ ಸಂಜೆಯ ಹೊತ್ತು ರೋಗಿಗಳನ್ನು ನೋಡುತ್ತಿದ್ದೆ. ಬೇಸಿಗೆಯ ದಿನ, ಹೊರಗೆ ಕಟ್ಟೆಯ ಮೇಲೆ ಮೂವತ್ತು ಜನ ಕುಳಿತಿದ್ದರು. ನಲವತ್ತರ ಆಸುಪಾಸಿನ ಆ ತಾಯಿ ಹುಮನಾಬಾದ್ ರಸ್ತೆಯ ಬಸ್ಸು ಹಿಡಿದು ಬಂದವರು. ಗಂಡನದು ಕಮಲಾಪುರದಲ್ಲಿ ಎರಡೆಕರೆ ಕೆಂಪು ಬಾಳೆಯ ತೋಟ. ತಲೆಯ ಮೇಲಿನ ಸೆರಗನ್ನು ಸರಿಸಲು ಸಂಕೋಚಪಟ್ಟರು. "ಸಾಹೇಬ್ರ, ಕೂದಲು ಹೋಗೋದು ಹೋಗ್ಲಿರಿ, ತಲಿ ಉರೀತದ, ರಾತ್ರಿ ನಿದ್ದಿ ಹತ್ತಂಗಿಲ್ಲ" ಎಂದರು. ನಾನು ಮೇಲಿನಿಂದ ನೋಡಿದೆ. ಬಿಳಿಯ ಹೊಟ್ಟಿನಂತಹದು ಕಂಡಿತು, ತುರಿಕೆಯಿದೆ ಎಂದರು. ತಲೆಹೊಟ್ಟು ಎಂದು ತೀರ್ಮಾನಿಸಿ, ವಾರಕ್ಕೆರಡು ಸಲ ತೊಳೆದುಕೊಳ್ಳಲು ಒಂದು ಶಾಂಪೂ ಬರೆದುಕೊಟ್ಟೆ. ಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸಿ, ದೀಪ ಹಿಡಿದು, ಬುಡ ನೋಡಲಿಲ್ಲ. ಎರಡು ನಿಮಿಷದ ಕೆಲಸ ಅದು.

ಹತ್ತು ತಿಂಗಳ ಅನಂತರ ಅವರು ಮತ್ತೆ ಬಂದರು. ಶಾಂಪೂವಿನಿಂದ ಗುಣ ಕಾಣದೆ ನಡುವೆ ಹಲವರ ಮಾತು ಕೇಳಿ ಈರುಳ್ಳಿ ರಸ, ಬೆಳ್ಳುಳ್ಳಿ, ಮತ್ತೇನೇನೋ ಉಜ್ಜಿಕೊಂಡಿದ್ದರು. ಈ ಸಲ ಸೆರಗು ಸರಿಸಿದಾಗ ನೆತ್ತಿಯ ಮೇಲೆ ಐದಾರು ಬೋಳು ತಾಣಗಳು, ಎರಡು ಕೂಡಿಕೊಂಡು ಅಂಗೈಯಗಲದ ಒಂದು ಬಯಲು. ಆ ಬಯಲಿನಲ್ಲಿ ಒಂದು ರಂಧ್ರವೂ ಕಾಣುತ್ತಿರಲಿಲ್ಲ. ಅಂಚಿನಲ್ಲಿ ಉಳಿದ ಕೂದಲುಗಳ ಬುಡದ ಸುತ್ತ ಕೆಂಪು ಬಳೆ, ಬಳೆಯ ಒಳಗೆ ತೆಳು ಬಿಳಿಯ ಪೊರೆ. ಹೊಟ್ಟು ಹೀಗೆ ಬುಡಬುಡಕ್ಕೆ ಕಟ್ಟುವುದಿಲ್ಲ. ಮೊದಲನೆಯ ದಿನವೇ ಅದು ಅಲ್ಲಿ ಇದ್ದಿರಬೇಕು, ನೋಡದಿದ್ದವನು ನಾನು.

ಇದು ಲೈಕನ್ ಪ್ಲಾನೊಪೈಲಾರಿಸ್ ಎಂಬ ವ್ಯಾಧಿ. ಕಲೆಗಟ್ಟುವ ಕೇಶನಾಶ ಎಂಬ ದೊಡ್ಡ ಗುಂಪಿಗೆ ಸೇರಿದ್ದು. ವೈದ್ಯರು ಈ ಗುಂಪನ್ನು ಸಿಕಾಟ್ರಿಶಿಯಲ್ ಅಲೊಪೀಶಿಯಾ ಎಂದು ಕರೆಯುತ್ತಾರೆ. ಹೆಸರು ನಾಲಿಗೆಗೆ ಕಷ್ಟವಾದರೂ ಒಳಗಿನ ವಿಷಯ ಸರಳವಾದದ್ದು.

ಮನುಷ್ಯನ ತಲೆಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಕೂದಲುಗಳಿರುತ್ತವೆ. ದಿನಕ್ಕೆ ಐವತ್ತರಿಂದ ನೂರು ಉದುರುವುದು ಪ್ರಕೃತಿಧರ್ಮ. ಉದುರಿದ ಕೂದಲಿನ ಜಾಗದಲ್ಲಿ ಹೊಸದು ಹುಟ್ಟುವುದು ರೋಮಕೂಪದಿಂದ. ಈ ಕೂಪದ ಆಳದಲ್ಲಿರುವ ಗೆಡ್ಡೆಯಂತಹ ಭಾಗ ಕೂದಲನ್ನು ಬೆಳೆಸುತ್ತದೆ ಎಂಬುದು ಹಳೆಯ ತಿಳಿವಳಿಕೆ. ಆದರೆ ಕೂಪವನ್ನೇ ಮತ್ತೆ ಮತ್ತೆ ಹೊಸದಾಗಿಸುವ ಆಕರಕೋಶಗಳು ಇರುವುದು ಆಳದಲ್ಲಲ್ಲ, ಸ್ವಲ್ಪ ಮೇಲೆ, ಜಿಡ್ಡಿನ ಗ್ರಂಥಿಯ ಕೆಳಗಿನ ಒಂದು ಉಬ್ಬಿನಲ್ಲಿ ಎಂಬುದನ್ನು ಅಮೆರಿಕದ ವಿಜ್ಞಾನಿಗಳು 1990ರಲ್ಲಿ ತೋರಿಸಿಕೊಟ್ಟರು. ಈ ಒಂದು ಸಂಗತಿ ಗೊತ್ತಾದ ಮೇಲೆ ಬಹಳಷ್ಟು ಒಗಟುಗಳು ಬಿಡಿಸಿಕೊಂಡವು. ದುಂಡಗೆ ಕೂದಲು ಹೋಗುವ, ಜನರು ಹುಳು ತಿಂದಿದೆ ಎನ್ನುವ ಮತ್ತು ಆಯುರ್ವೇದದವರು ಇಂದ್ರಲುಪ್ತವೆನ್ನುವ ರೋಗದಲ್ಲಿ ಉರಿಯೂತ ಕೂಪದ ತಳಕ್ಕೆ ಬಡಿಯುತ್ತದೆ. ಮೇಲಿನ ಉಬ್ಬು ಉಳಿದಿರುತ್ತದೆ. ಆದ್ದರಿಂದ ಅನೇಕರಿಗೆ ಕೂದಲು ತಿರುಗಿ ಬರುತ್ತದೆ. ಕಲೆಗಟ್ಟುವ ರೋಗದಲ್ಲಿ ಉರಿಯೂತ ಬಡಿಯುವುದು ಆ ಉಬ್ಬಿಗೇ. ಆಕರಕೋಶಗಳು ನಾಶವಾಗಿ, ಜಿಡ್ಡಿನ ಗ್ರಂಥಿಯೂ ಸತ್ತು, ಕೂಪವಿದ್ದೆಡೆ ಗಾಯ ಮಾಯ್ದಂತೆ ನಾರು ತುಂಬಿಕೊಳ್ಳುತ್ತದೆ. ಬಾಯಿ ಮುಚ್ಚಿದ ಬಾವಿಯಿಂದ ನೀರು ಸೇದಲಾಗದು.

ಆ ತಾಯಿಗೆ ಇದನ್ನು ಹೇಗೆ ತಿಳಿಸುವುದೆಂದು ಯೋಚಿಸಿ ಬಾಳೆಯ ಮಾತು ತೆಗೆದೆ. ಗೊನೆ ಇಳಿಸಿದ ಮೇಲೆ ಗಿಡ ಕಡಿದುಬಿಟ್ಟರೂ ಬುಡದ ಗಡ್ಡೆ ನೆಲದಲ್ಲಿದ್ದರೆ ಮರಿ ಏಳುತ್ತದಲ್ಲವೇ ಎಂದೆ. ಅವರು ನನಗಿಂತ ಮೊದಲೇ ಮುಂದಿನ ಮಾತನ್ನಾಡಿದರು: "ಗಡ್ಡಿನೇ ಕೊಳತ್ರ ಮರಿ ಎಲ್ಲಿಂದ ಏಳ್ತದ್ರಿ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಉಳಿದ ಗಡ್ಡಿ ಉಳಸ್ರಿ" ಎಂದರು. ಈ ವ್ಯಾಧಿಯ ಚಿಕಿತ್ಸೆಯ ಗುರಿಯನ್ನು ಇಷ್ಟು ಚೊಕ್ಕವಾಗಿ ಹೇಳಿದ ವೈದ್ಯಗ್ರಂಥವನ್ನು ನಾನು ಓದಿಲ್ಲ.

ಈ ಗುಂಪಿನಲ್ಲಿ ಹಲವು ರೋಗಗಳಿವೆ. 2001ರಲ್ಲಿ ಉತ್ತರ ಅಮೆರಿಕದ ಕೇಶತಜ್ಞರು ಕೂಡಿ, ಸೂಕ್ಷ್ಮದರ್ಶಕದಲ್ಲಿ ಕಾಣುವ ಬಿಳಿ ರಕ್ತಕಣಗಳ ಜಾತಿಯ ಮೇಲೆ ಇವನ್ನು ವಿಂಗಡಿಸಿದರು. ಇಂದಿಗೂ ಬಳಕೆಯಲ್ಲಿರುವುದು ಅದೇ. ಓದುಗರಿಗೆ ಆ ಪಟ್ಟಿಯೆಲ್ಲ ಬೇಡ. ನಮ್ಮ ಕಡೆ ಕಾಣುವ ನಾಲ್ಕಾರನ್ನು ಗುರುತಿಟ್ಟುಕೊಂಡರೆ ಸಾಕು.

ಲೈಕನ್ ಪ್ಲಾನೊಪೈಲಾರಿಸ್ ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲಿ ಬರುತ್ತದೆ. ಶರೀರದ ರೋಗನಿರೋಧಕ ವ್ಯವಸ್ಥೆ ತನ್ನದೇ ರೋಮಕೂಪವನ್ನು ಪರಕೀಯವೆಂದು ಭ್ರಮಿಸಿ ಮೇಲೆ ಬೀಳುವುದು ಇದರ ಮೂಲ. ಹಾಗೇಕೆ ಭ್ರಮಿಸುತ್ತದೆ ಎಂಬುದು ಪೂರ್ತಿ ಬಗೆಹರಿದಿಲ್ಲ. ತುರಿಕೆ, ಉರಿ, ಮುಟ್ಟಿದರೆ ನೋವು ಇದರ ಲಕ್ಷಣಗಳು. ಕೆಲವರಿಗೆ ಬಾಯಿಯೊಳಗೆ, ಕೆನ್ನೆಯ ಒಳಬದಿಯಲ್ಲಿ ಬಿಳಿಯ ಜಾಲರಿಯಂತಹ ಗೆರೆಗಳೂ, ಉಗುರಿನಲ್ಲಿ ಉದ್ದನೆಯ ಸೀಳುಗಳೂ ಇರುತ್ತವೆ. ಆದ್ದರಿಂದ ತಲೆಗೆಂದು ಬಂದವರ ಬಾಯಿ ತೆರೆಸಿ ನೋಡುವ ವೈದ್ಯರನ್ನು ಕಂಡು ನಗಬೇಡಿರಿ.

ಇದರದೇ ಒಂದು ಕವಲು, ಮುಟ್ಟು ನಿಂತ ಹೆಂಗಸರಲ್ಲಿ ಹಣೆಯ ಮೇಲಿನ ಕೂದಲಂಚು ಹಿಂದೆ ಹಿಂದೆ ಸರಿಯುವ ರೋಗ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕೊಸಾರ್ಡ್ ಎಂಬ ವೈದ್ಯರು 1994ರಲ್ಲಿ ಇದನ್ನು ಮೊದಲು ವಿವರಿಸಿದರು. ಹುಬ್ಬುಗಳು ಕೂಡ ತೆಳುವಾಗುವುದು ಇದರ ದೊಡ್ಡ ಸುಳಿವು. "ವಯಸ್ಸಾಯಿತು, ಹಣೆ ದೊಡ್ಡದಾಯಿತು" ಎಂದು ಮನೆಯವರು ತಳ್ಳಿಹಾಕುತ್ತಾರೆ. ಅಜ್ಜಿಯ ಹಳೆಯ ಫೋಟೋ ತೆಗೆದು ಕುಂಕುಮದಿಂದ ಕೂದಲಂಚಿಗೆ ಇರುವ ಅಂತರ ಹೋಲಿಸಿ ನೋಡಿದರೆ ಗೊತ್ತಾಗುತ್ತದೆ.

ಎರಡನೆಯದು ಡಿಸ್ಕಾಯ್ಡ್ ಲ್ಯೂಪಸ್. ನಮ್ಮ ದೇಶದ ಚರ್ಮವೈದ್ಯರು ಪ್ರಕಟಿಸಿದ ಅಧ್ಯಯನಗಳಲ್ಲಿ ಮೇಲೆ ಹೇಳಿದ ಲೈಕನ್ ಮತ್ತು ಈ ಲ್ಯೂಪಸ್ ಎರಡೇ ಮುಂಚೂಣಿಯಲ್ಲಿರುತ್ತವೆ. ಇದಕ್ಕೂ ಬಿಸಿಲಿಗೂ ಸಂಬಂಧವಿದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಇದನ್ನು ಎಲ್ಲರೂ ತಿಳಿದಿರಬೇಕು. ತೊಗರಿ ಹೊಲದಲ್ಲಿ ದಿನವಿಡೀ ಬಾಗಿ ದುಡಿಯುವವರ ತಲೆ, ಕೆನ್ನೆ, ಕಿವಿಗಳ ಮೇಲೆ ಕೆಂಪನೆಯ ದಪ್ಪ ತೇಪೆಗಳು ಏಳುತ್ತವೆ; ಮೇಲೆ ಅಂಟಿದ ಪೊರೆ; ಕಾಲಕ್ರಮದಲ್ಲಿ ನಡುವೆ ಬಿಳಿಚಿಕೊಂಡು ಅಂಚು ಕಪ್ಪಾಗುತ್ತದೆ. ಆ ಬಿಳುಪನ್ನು ಕಂಡು ತೊನ್ನೆಂದು ಹೆದರುವವರೂ ಉಂಟು. ಕಿವಿಯ ಬೋಗುಣಿಯೊಳಗೆ ಕಪ್ಪು ಚುಕ್ಕೆಗಳಿದ್ದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ. ಕೆಲವರಲ್ಲಿ ಇದು ಚರ್ಮ ದಾಟಿ ಕೀಲು, ಮೂತ್ರಪಿಂಡಗಳಿಗೂ ಹೋಗಬಲ್ಲದಾದ್ದರಿಂದ ರಕ್ತ ಮತ್ತು ಮೂತ್ರದ ಪರೀಕ್ಷೆ ತಪ್ಪಿಸಬಾರದು. ನಮ್ಮ ಹಳ್ಳಿಯ ತಾಯಂದಿರು ಸೆರಗಿನ ಮೇಲೊಂದು ಬಟ್ಟೆ ಹೊದ್ದು ಹೊಲಕ್ಕೆ ಹೋಗುವುದು ಒಳ್ಳೆಯ ರೂಢಿ. ಈ ರೋಗವಿದ್ದವರು ಅದನ್ನು ಒಂದು ದಿನವೂ ಬಿಡಬಾರದು. ಬೀಡಿ, ಸಿಗರೇಟು ಸೇದುವವರಲ್ಲಿ ಲ್ಯೂಪಸ್ ಔಷಧಿಗೆ ಸರಿಯಾಗಿ ಬಗ್ಗುವುದಿಲ್ಲ ಎಂಬುದೂ ಕಂಡುಬಂದಿದೆ.

ಇನ್ನೊಂದು ಬಗೆಯಲ್ಲಿ ಕೀವು ಮುಖ್ಯ. ಹೆಚ್ಚಾಗಿ ಹರೆಯದ, ನಡುವಯಸ್ಸಿನ ಗಂಡಸರಿಗೆ ನೆತ್ತಿಯ ಮೇಲೆ ಕೀವುಗುಳ್ಳೆಗಳು ಎದ್ದು, ಒಡೆದು, ಹಕ್ಕಳೆಗಟ್ಟಿ, ನಡುವೆ ಬೋಳಾಗುತ್ತ ಹೋಗುತ್ತದೆ. ಫಾಲಿಕ್ಯುಲೈಟಿಸ್ ಡೆಕಾಲ್ವನ್ಸ್ ಎಂಬ ಈ ರೋಗದಲ್ಲಿ ಒಂದೇ ರಂಧ್ರದಿಂದ ಹತ್ತು ಹದಿನೈದು ಕೂದಲು ಬ್ರಶ್ಶಿನಂತೆ ಒಟ್ಟಾಗಿ ಎದ್ದಿರುವುದನ್ನು ಕಾಣಬಹುದು. ಸ್ಟಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಕೈವಾಡ ಇದರಲ್ಲಿದೆ.

ಈಗ ಮಕ್ಕಳ ವಿಷಯ. ಇದನ್ನು ಸ್ವಲ್ಪ ವಿಸ್ತರಿಸಿ ಬರೆಯಬೇಕು, ಏಕೆಂದರೆ ಇಲ್ಲಿ ನಷ್ಟವನ್ನು ಪೂರ್ತಿ ತಡೆಯಲು ಬರುತ್ತದೆ. ತಡೆಯದೆ ಹೋಗುವುದು ಬಹುಪಾಲು ನಮ್ಮ ಅವಸರದಿಂದ. ಐದರಿಂದ ಹತ್ತು ವರ್ಷದ ಮಕ್ಕಳ ತಲೆಗೆ ಗಜಕರ್ಣ, ಅಂದರೆ ಹುಳುಕಡ್ಡಿ, ತಗಲುತ್ತದೆ. ಇದಕ್ಕೆ ಕಾರಣ ಹುಳುವಲ್ಲ, ಶಿಲೀಂಧ್ರ. ಒಬ್ಬರ ಬಾಚಣಿಗೆ, ಟೊಪ್ಪಿಗೆ, ಟವೆಲ್ಲುಗಳಿಂದ ಇನ್ನೊಬ್ಬರಿಗೆ ಹರಡುತ್ತದೆ. ದನಕರುಗಳಿಂದಲೂ ಬರುತ್ತದೆ, ಕರುವಿನ ಕಣ್ಣಿನ ಸುತ್ತ ಬೂದಿ ಬಣ್ಣದ ಒರಟು ಹಕ್ಕಳೆಗಳಿದ್ದರೆ ಅದನ್ನು ಅಪ್ಪಿ ಆಡುವ ಮಗುವಿನ ತಲೆಯ ಮೇಲೆ ಕಣ್ಣಿಡಿರಿ. ದನದಿಂದ ಬಂದ ಶಿಲೀಂಧ್ರಕ್ಕೆ ನಮ್ಮ ಶರೀರ ತೀವ್ರವಾಗಿ ಪ್ರತಿಭಟಿಸುತ್ತದೆ. ಆಗ ತಲೆಯ ಮೇಲೆ ಮೆತ್ತನೆಯ ದೊಡ್ಡ ಗಡ್ಡೆ ಎದ್ದು, ರಂಧ್ರ ರಂಧ್ರದಿಂದ ಕೀವು ಜಿನುಗುತ್ತದೆ, ಕುತ್ತಿಗೆಯ ಹಿಂದೆ ಗಂಟುಗಳು ಊದುತ್ತವೆ, ಜ್ವರವೂ ಬರಬಹುದು. ಇದಕ್ಕೆ ಕೆರಿಯಾನ್ ಎಂದು ಹೆಸರು.

ನೋಡಿದವರೆಲ್ಲ ಇದನ್ನು ಕುರುವೆಂದೇ ಭಾವಿಸುತ್ತಾರೆ. ಕುರುವಾದರೆ ಕೊಯ್ದು ಕೀವು ತೆಗೆಯಬೇಕು. ಕೆರಿಯಾನನ್ನು ಕೊಯ್ಯಬಾರದು. ಕೊಯ್ದರೆ ಒಳಗಿನ ಶಿಲೀಂಧ್ರ ಹೋಗುವುದಿಲ್ಲ, ಮೇಲಿನಿಂದ ಚಾಕುವಿನ ಕಲೆ ಸೇರುತ್ತದೆ. ಸಡಿಲವಾದ ಎರಡು ಕೂದಲು ಕಿತ್ತು ಪೊಟ್ಯಾಶ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಮಟ್ಟಿಗೆ ಉತ್ತರ ಸಿಗುತ್ತದೆ. ಚಿಕಿತ್ಸೆಗೆ ಹೊಟ್ಟೆಗೆ ಕೊಡುವ ಮಾತ್ರೆಯೇ ಬೇಕು. ಬರಿಯ ಮುಲಾಮು ಕೂದಲಿನ ಬುಡಕ್ಕೆ ಇಳಿಯದು. 1958ರಿಂದ ಬಳಕೆಯಲ್ಲಿರುವ ಗ್ರಿಸಿಯೊಫಲ್ವಿನ್, ಅನಂತರ ಬಂದ ಟರ್ಬಿನಾಫಿನ್, ಇವೆರಡರಲ್ಲಿ ಯಾವುದೆಂಬುದನ್ನು ಮಗುವಿನ ತೂಕ ಮತ್ತು ಶಿಲೀಂಧ್ರದ ಜಾತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಆರೆಂಟು ವಾರ ಬಿಡದೆ ಕೊಡಬೇಕಾದೀತು. ಗಡ್ಡೆ ಇಳಿದ ಕೂಡಲೇ ನಿಲ್ಲಿಸುವವರೇ ಹೆಚ್ಚು. ಬೇಗ ಆರಂಭಿಸಿದರೆ ಕೂದಲು ಬಹುತೇಕ ತಿರುಗಿ ಬರುತ್ತದೆ. ವಾರಗಟ್ಟಲೆ ಕೀವಿನಲ್ಲಿ ನೆನೆದ ಕೂಪಗಳು ಕಲೆಗಟ್ಟಿದರೆ ಆ ಮಗು ತಲೆಯ ಮೇಲೊಂದು ಬೋಳು ಹೊತ್ತುಕೊಂಡೇ ದೊಡ್ಡದಾಗಬೇಕು. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ, ಸ್ಟೀರಾಯ್ಡ್ ಬೆರೆಸಿದ ಗಜಕರ್ಣದ ಮುಲಾಮುಗಳನ್ನು ಮಕ್ಕಳ ತಲೆಗೆ ಸವರಬೇಡಿರಿ. ತುರಿಕೆ ಎರಡು ದಿನ ಅಡಗುತ್ತದೆ, ರೋಗ ಒಳಗೊಳಗೇ ಹಬ್ಬುತ್ತದೆ. ಮನೆಯ ಉಳಿದ ಮಕ್ಕಳ ತಲೆಯನ್ನೂ ಅದೇ ದಿನ ತೋರಿಸಿರಿ.

ಹೆಣ್ಣುಮಕ್ಕಳ ಹೆರಳಿನ ಬಗೆಗೂ ಒಂದು ಮಾತು. ಶಾಲೆಗೆ ಹೋಗುವ ಹುಡುಗಿಗೆ ಎರಡು ಹೆರಳನ್ನು ಕಣ್ಣು ಮೇಲೆ ಹೋಗುವಷ್ಟು ಬಿಗಿಯಾಗಿ ಹೆಣೆದು ರಿಬ್ಬನ್ನು ಕಟ್ಟಿದರೆ ಮಾತ್ರ ಶಿಸ್ತು ಎಂದು ನಮ್ಮ ತಾಯಂದಿರ ಭಾವನೆ. ಚೌರಿ ಸೇರಿಸಿ, ಮೇಲೆ ಹೂವಿನ ಭಾರ ಹೇರುವುದೂ ಉಂಟು. ಹೀಗೆ ವರ್ಷಗಟ್ಟಲೆ ಜಗ್ಗಿದ ಕೂದಲು ಕಪೋಲದ ಮೇಲ್ಭಾಗದಲ್ಲಿ, ಕಿವಿಯ ಮುಂದೆ ತೆಳುವಾಗುತ್ತದೆ. ಈ ಎಳೆತದ ಬೋಳನ್ನು ವೈದ್ಯರು ಮೊದಲು ಬರೆದಿಟ್ಟದ್ದು ಗ್ರೀನ್‌ಲ್ಯಾಂಡಿನ ಹಿಮದೇಶದ ಹೆಂಗಸರಲ್ಲಿ, 1907ರಲ್ಲಿ. ಅವರೂ ಕೂದಲನ್ನು ಮೇಲೆತ್ತಿ ಬಿಗಿದು ಕಟ್ಟುತ್ತಿದ್ದರು. ಮೊದಮೊದಲು ಜಡೆ ಸಡಿಲಿಸಿದರೆ ಸಾಕು, ಕೂದಲು ಮರಳುತ್ತದೆ. ಬಿಗಿದಾಗ ನೋವಾಗುತ್ತದೆಂದು ಮಗಳು ಹೇಳಿದರೆ, ಬುಡದಲ್ಲಿ ಸಣ್ಣ ಗುಳ್ಳೆಗಳೆದ್ದರೆ, ಅದೇ ಸೂಚನೆ. ಸೂಚನೆ ಮೀರಿ ಹತ್ತು ವರ್ಷ ನಡೆದರೆ ಅದೂ ಕಲೆಗಟ್ಟಿ ಶಾಶ್ವತವಾಗುತ್ತದೆ.

ಬಿಸಿ ನೀರು, ಬೆಂಕಿ, ಆ್ಯಸಿಡ್‌ಗಳಿಂದ ಸುಟ್ಟ ಗಾಯಗಳೂ, ಕ್ಯಾನ್ಸರಿಗೆ ಕೊಡುವ ವಿಕಿರಣವೂ ಕೂದಲಿನ ಕೂಪಗಳನ್ನು ಮುಚ್ಚಬಲ್ಲವು. ಅಲ್ಲಿ ಕಾರಣ ಕಣ್ಣೆದುರೇ ಇರುತ್ತದೆಯಾದ್ದರಿಂದ ಹೆಚ್ಚು ಬರೆಯಬೇಕಿಲ್ಲ.

ಹಾಗಾದರೆ ಮನೆಯಲ್ಲಿ ಗುರುತಿಸುವುದು ಹೇಗೆ? 2006ರಲ್ಲಿ ನಮ್ಮ ಜಿಲ್ಲೆಯನ್ನು ಹಿಂಡಿದ ಚಿಕುನ್‌ಗುನ್ಯಾದ ಬಳಿಕ, 2020ರ ಕೊರೊನಾದ ಬಳಿಕ ಎಷ್ಟೋ ಜನರ ಕೂದಲು ಉದುರಿತು. ಅದು ಜ್ವರವಾದ ಎರಡು ಮೂರು ತಿಂಗಳಿಗೆ ತಲೆಯ ತುಂಬ ಸಮನಾಗಿ ಉದುರಿ, ತಾನಾಗಿಯೇ ಮರಳುವಂತಹುದು. ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ತೇಪೆಯಾಗಿ ಹೋಗುವ, ಅದರಲ್ಲೂ ಉರಿ, ತುರಿಕೆ, ನೋವು, ಕೀವು ಜೊತೆಗಿರುವ ಕೇಶನಾಶಕ್ಕೆ. ಹಗಲ ಬೆಳಕಿನಲ್ಲಿ ಕುಳಿತು, ಅಕ್ಕನೋ ಸೊಸೆಯೋ ಕೂದಲು ಬಿಡಿಸಿ ನೋಡಲಿ. ಬೋಳಾದ ಜಾಗದಲ್ಲಿ ಸೂಜಿಮೊನೆಯಷ್ಟು ರಂಧ್ರಗಳು ಕಾಣುತ್ತವೆಯೇ? ಕಂಡರೆ ಆಶೆಯಿದೆ. ರಂಧ್ರವಿಲ್ಲದೆ ನುಣುಪಾಗಿದ್ದರೆ, ಅಂಚಿನ ಕೂದಲಿನ ಬುಡ ಕೆಂಪಾಗಿದ್ದರೆ, ಮುಂದಿನ ಅಮಾವಾಸ್ಯೆಗೆ, ಜಾತ್ರೆ ಮುಗಿದ ಮೇಲೆ, ತೊಗರಿ ರಾಶಿಯಾದ ಮೇಲೆ ಎಂದು ಮುಂದೂಡಬಾರದು. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಫೋನಿದೆ. ತಿಂಗಳಿಗೊಮ್ಮೆ ಒಂದೇ ಬೈತಲೆಯಲ್ಲಿ ಒಂದೇ ಬೆಳಕಿನಲ್ಲಿ ತೆಗೆದ ಚಿತ್ರಗಳು ವೈದ್ಯರಿಗೆ ಬಹಳ ನೆರವಾಗುತ್ತವೆ.

ವೈದ್ಯರು ಡರ್ಮೊಸ್ಕೋಪ್ ಎಂಬ ಬೆಳಕಿನ ಮಸೂರ ಹಿಡಿದು ನೋಡುತ್ತಾರೆ. ಅನುಮಾನ ಬಂದರೆ ಬಯಾಪ್ಸಿ ಮಾಡಬೇಕೆನ್ನುತ್ತಾರೆ. ಈ ಶಬ್ದ ಕೇಳಿದೊಡನೆ ಕ್ಯಾನ್ಸರೆಂದು ಗಾಬರಿಯಾಗಿ ಎದ್ದು ಹೋದವರನ್ನು ನಾನು ನೋಡಿದ್ದೇನೆ. ಜಾಗ ಮರಗಟ್ಟಿಸಲು ಒಂದು ಚುಚ್ಚುಮದ್ದು ಕೊಟ್ಟು, ನಾಲ್ಕು ಮಿಲಿಮೀಟರ್ ಅಗಲದ ಚರ್ಮದ ತುಣುಕು ತೆಗೆದು, ಒಂದೆರಡು ಹೊಲಿಗೆ ಹಾಕುತ್ತಾರೆ, ಅಷ್ಟೇ. ಆದರೆ ಎಲ್ಲಿಂದ ತೆಗೆಯುತ್ತಾರೆ ಎಂಬುದು ಮುಖ್ಯ. ಇಲ್ಲಿ ನನ್ನ ಎರಡನೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಆ ಕಮಲಾಪುರದ ತಾಯಿಯ ಬೋಳಿನ ನಟ್ಟನಡುವಿನಿಂದ ನಾನು ತುಣುಕು ತೆಗೆದು ಕಳುಹಿಸಿದೆ. ವರದಿ ಬಂದದ್ದು, ಬರಿಯ ಕಲೆಯಿದೆ, ಕಾರಣ ಹೇಳಲಾಗದು ಎಂದು. ಸತ್ಯವೇ, ಯುದ್ಧ ಮುಗಿದ ಬಯಲಿನಲ್ಲಿ ವೈರಿ ಎಲ್ಲಿರುತ್ತಾನೆ? ಉರಿಯೂತ ಇನ್ನೂ ನಡೆಯುತ್ತಿರುವ ಅಂಚಿನಿಂದ, ಕೂದಲಿರುವ ಜಾಗದಿಂದಲೇ ತೆಗೆಯಬೇಕು. ಸಾಧ್ಯವಾದರೆ ಎರಡು ತುಣುಕು: ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಹೆಚ್ಚು ಕೂಪಗಳು ಒಮ್ಮೆಗೇ ಕಾಣುತ್ತವೆ. ಆ ತಾಯಿ ಎರಡನೆಯ ಸಲವೂ ಮುಖ ಗಂಟಿಕ್ಕದೆ ತಲೆ ಬಗ್ಗಿಸಿ ಕುಳಿತರು. ಎರಡನೆಯ ವರದಿಯಲ್ಲಿ ಉತ್ತರ ಸ್ಪಷ್ಟವಾಗಿತ್ತು.

ಚಿಕಿತ್ಸೆ ರೋಗದ ಜಾತಿಗೆ ತಕ್ಕಂತೆ. ಲೈಕನ್ ಮತ್ತು ಲ್ಯೂಪಸ್‌ಗಳಿಗೆ ಪ್ರಬಲವಾದ ಸ್ಟೀರಾಯ್ಡ್ ಮುಲಾಮು ಮತ್ತು ನಾಲ್ಕಾರು ವಾರಕ್ಕೊಮ್ಮೆ ಅಂಚಿನೊಳಗೆ ಕೊಡುವ ಟ್ರಯಾಮ್ಸಿನೊಲೋನ್ ಚುಚ್ಚುಮದ್ದು ಮೊದಲಿನವು. ಹೊಟ್ಟೆಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಬಹುಕಾಲದಿಂದ ಬಳಕೆಯಲ್ಲಿದೆ. ಇದು ಕೆಲಸ ಆರಂಭಿಸಲು ಎರಡು ಮೂರು ತಿಂಗಳು ಬೇಕು. ವಾರದಲ್ಲಿ ಗುಣ ಕಾಣಲಿಲ್ಲವೆಂದು ಬಿಡಬಾರದು. ದಿನಕ್ಕೆ ದೇಹತೂಕದ ಕಿಲೋ ಒಂದಕ್ಕೆ ಐದು ಮಿಲಿಗ್ರಾಮ್ ಮೀರದಂತೆ ಕೊಡುತ್ತಾರೆ. ಅಪರೂಪಕ್ಕೆ ಕಣ್ಣಿನ ಅಕ್ಷಿಪಟಕ್ಕೆ ತೊಂದರೆಯಾಗುವುದರಿಂದ ಆರಂಭದಲ್ಲೊಮ್ಮೆ, ಬಳಿಕ ವೈದ್ಯರು ಹೇಳಿದಂತೆ, ಕಣ್ಣು ತೋರಿಸಬೇಕು. ಇದಕ್ಕೂ ಬಗ್ಗದಿದ್ದರೆ ಡಾಕ್ಸಿಸೈಕ್ಲಿನ್, ಮೈಕೊಫಿನೊಲೇಟ್, ಸೈಕ್ಲೊಸ್ಪೋರಿನ್ ಮೊದಲಾದವಿವೆ. ಹಣೆಯಂಚಿನ ರೋಗದಲ್ಲಿ ಫಿನಾಸ್ಟರೈಡ್, ಡ್ಯುಟಾಸ್ಟರೈಡ್‌ಗಳನ್ನು ಕೊಡುವುದುಂಟು. ಗರ್ಭಿಣಿಯಾಗುವ ವಯಸ್ಸಿನವರಿಗೆ ಇವು ಸಲ್ಲವು. ಕೀವಿನ ಬಗೆಗೆ ರಿಫಾಂಪಿಸಿನ್ ಮತ್ತು ಕ್ಲಿಂಡಾಮೈಸಿನ್‌ಗಳನ್ನು ಜೋಡಿಯಾಗಿ ಹತ್ತು ವಾರಗಳವರೆಗೆ ಕೊಡುವ ಪದ್ಧತಿಯಿದೆ. ರಿಫಾಂಪಿಸಿನ್ ಕ್ಷಯದ ಔಷಧಿಯೂ ಹೌದು. ಅದನ್ನು ಯಾರೂ ತಾವಾಗಿಯೇ ಕೊಂಡು ನುಂಗತಕ್ಕದ್ದಲ್ಲ. ಮಿನಾಕ್ಸಿಡಿಲ್ ದ್ರವ ಉಳಿದ ಕೂದಲನ್ನು ದಪ್ಪ ಮಾಡೀತು, ಮುಚ್ಚಿದ ಕೂಪವನ್ನು ತೆರೆಯದು.

ಮನೆಮದ್ದಿನ ಬಗ್ಗೆ ಓದುಗರು ಕೋಪಿಸಿಕೊಳ್ಳದೆ ಕೇಳಬೇಕು. ಕೊಬ್ಬರಿ ಎಣ್ಣೆ, ಔಡಲೆಣ್ಣೆಗಳ ವಿರುದ್ಧ ನನಗೆ ದೂರಿಲ್ಲ. ಅವು ಇಲ್ಲಿ ಗುಣವನ್ನೂ ಮಾಡುವುದಿಲ್ಲ, ಕೇಡನ್ನೂ ಮಾಡುವುದಿಲ್ಲ, ಕಾಲವನ್ನು ಮಾತ್ರ ಕಳೆಯುತ್ತವೆ. ಆದರೆ ಗುಲಗಂಜಿ ಅರೆದು ಹಚ್ಚುವುದು, ಕರಿಗೇರು ಬೀಜದ ಎಣ್ಣೆ ಮುಟ್ಟಿಸುವುದು, ಬೆಳ್ಳುಳ್ಳಿ ಉಜ್ಜಿ ಕಟ್ಟುವುದು, ಇವು ಚರ್ಮವನ್ನು ಸುಡುತ್ತವೆ. ಇಂದ್ರಲುಪ್ತದಲ್ಲಿ ಕೂದಲು ತಾನಾಗಿಯೇ ಮರಳುವುದುಂಟು, ಕೀರ್ತಿ ಮಾತ್ರ ಗುಲಗಂಜಿಗೆ ಸಲ್ಲುತ್ತದೆ. ಆ ಕೀರ್ತಿ ನಂಬಿ ಕಲೆಗಟ್ಟುವ ರೋಗದವರು ಹಚ್ಚಿಕೊಂಡರೆ ಇರುವ ಉರಿಯೂತಕ್ಕೆ ಸುಟ್ಟ ಗಾಯ ಸೇರುತ್ತದೆ.

ಕೂದಲು ನಾಟಿಯ ವಿಚಾರವನ್ನೂ ಹಲವರು ಕೇಳುತ್ತಾರೆ. ರೋಗ ಜೀವಂತವಾಗಿರುವಾಗ ನಾಟಿ ಮಾಡಿದರೆ, ನೆಟ್ಟ ಕೂದಲನ್ನೂ ಅದೇ ರೋಗ ತಿನ್ನುತ್ತದೆ. ಔಷಧಿ ನಿಂತು ಒಂದೆರಡು ವರ್ಷ ಹೊಸ ತೇಪೆ ಏಳದೆ ಇದ್ದರೆ ಮಾತ್ರ ಯೋಚಿಸಬಹುದು. ಆಗಲೂ ಫಲ ಸಾಮಾನ್ಯ ಬೋಳಿನಷ್ಟು ಚೆನ್ನಾಗಿ ಬರುವುದಿಲ್ಲ. ತರಬೇತಿ ಪಡೆದ ವೈದ್ಯರೇ ಇದನ್ನು ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸೂಚನೆ ಹೊರಡಿಸಿದೆ. ಜಾಹೀರಾತು ನೋಡಿ ಹೋಗುವವರು, ಸೂಜಿ ಹಿಡಿಯುವವರು ಯಾರೆಂದು ಮೊದಲು ಕೇಳಿರಿ. ಸುಟ್ಟ ಕಲೆಗಳಲ್ಲಿ, ಬಹುಕಾಲದ ಎಳೆತದ ಬೋಳಿನಲ್ಲಿ ನಾಟಿ ಚೆನ್ನಾಗಿ ಹತ್ತುವ ಸಂಭವವಿದೆ.

ಆ ತಾಯಿಯ ರೋಗ ಒಂದೂವರೆ ವರ್ಷದ ಚಿಕಿತ್ಸೆಯ ಬಳಿಕ ನಿಂತಿತು. ಉರಿ ಮೊದಲ ಮೂರು ತಿಂಗಳಲ್ಲೇ ಇಳಿದು ನಿದ್ದೆ ಹತ್ತಿತು. ಅಂಗೈಯಗಲದ ಬಯಲು ಬಯಲಾಗಿಯೇ ಉಳಿದಿದೆ. ಬೈತಲೆಯನ್ನು ಪಕ್ಕಕ್ಕೆ ತೆಗೆದು, ಉದ್ದ ಬಿಟ್ಟ ಕೂದಲನ್ನು ಅದರ ಮೇಲೆ ಹಾಯಿಸಿ ತುರುಬು ಕಟ್ಟುತ್ತಾರೆ, ತಿಳಿಯದವರಿಗೆ ಕಾಣುವುದಿಲ್ಲ. ಮಗಳ ಮದುವೆಯಲ್ಲಿ ಅಕ್ಷತೆ ಬೀಳುವಾಗ ಸೆರಗು ಜಾರಿದರೂ ತಾನು ಸರಿಪಡಿಸಿಕೊಳ್ಳಲಿಲ್ಲವೆಂದು ಒಮ್ಮೆ ಬಂದಾಗ ಹೇಳಿದರು. ಮೊದಲ ದಿನ ನಾನು ನೋಡಬೇಕಾದ್ದನ್ನು ನೋಡಿದ್ದರೆ ಆ ಬಯಲು ನಾಣ್ಯದಷ್ಟೇ ಉಳಿಯುತ್ತಿತ್ತೆಂದು ಅವರಿಗೆ ನಾನೇ ತಿಳಿಸಿದ್ದೇನೆ. ವರ್ಷಕ್ಕೊಮ್ಮೆ ಬರುತ್ತಾರೆ, ಚಂದ್ರಬಾಳೆಯ ಒಂದು ಚಿಪ್ಪು ಮೇಜಿನ ಮೇಲಿಟ್ಟು ತಲೆ ಬಗ್ಗಿಸುತ್ತಾರೆ. ನಾನು ದೀಪ ಹಿಡಿದು ಬುಡಬುಡ ನೋಡುತ್ತೇನೆ. ಈ ರೋಗ ವರ್ಷಗಳ ನಂತರವೂ ಮರುಕಳಿಸಬಲ್ಲದು.

ಈಗ ಪತ್ರ ಬರೆದ ತಾಯಿಗೆ. ಪತ್ರ ಓದಿ ರೋಗ ನಿರ್ಣಯಿಸುವುದು ಸರಿಯಲ್ಲ. ಆದರೂ ತಾವು ಬರೆದ ಉರಿ, ನುಣುಪು, ಪಕ್ಕದಲ್ಲಿ ತೆರೆಯುತ್ತಿರುವ ಎರಡನೆಯ ತೇಪೆ, ಮೂರನ್ನೂ ಕೂಡಿಸಿದರೆ ಕಾಯುವಂತಿಲ್ಲ. ಹೊಳೆಯುವ ಜಾಗದ ಕೂದಲು ಬಹುಶಃ ಬರಲಾರದು. ಎರಡನೆಯ ತೇಪೆಯ ಅಂಚಿನಲ್ಲಿ ಇರುವುದನ್ನು ಉಳಿಸಿಕೊಳ್ಳುವ ಅವಕಾಶ ಇನ್ನೂ ಇದೆ. ಕಲಬುರಗಿಯಲ್ಲಿ ಸರಕಾರದ ಜಿಮ್ಸ್ ಆಸ್ಪತ್ರೆಯೂ, 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಸೇರಿದ ಬಸವೇಶ್ವರ ಆಸ್ಪತ್ರೆಯೂ ಇವೆ. ಚರ್ಮವಿಭಾಗದ ಹೊರರೋಗಿಗಳ ಚೀಟಿ ಮಾಡಿಸಿರಿ. ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿರಿ, ಬಣ್ಣ ಹಚ್ಚಬೇಡಿರಿ, ಹಿಂದಿನ ದಿನ ತೊಳೆದು ಒಣಗಿಸಿಕೊಂಡು ಹೋಗಿರಿ. ಇದುವರೆಗೆ ಹಚ್ಚಿದ, ನುಂಗಿದ ಔಷಧಿಗಳ ಡಬ್ಬಿ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿರಿ. ಬಾಯಿಯಲ್ಲಿ ಹುಣ್ಣು, ಕೀಲುನೋವು, ಬಿಸಿಲಿಗೆ ಮುಖ ಕೆಂಪಾಗುವುದು ಇದ್ದರೆ ಕೇಳದಿದ್ದರೂ ಹೇಳಿರಿ. ವೈದ್ಯರು ಮೇಲಿನಿಂದಲೇ ನೋಡಿ ಚೀಟಿ ಬರೆಯಲು ಹೊರಟರೆ, "ಸಾಹೇಬ್ರ, ಕೂದಲ ಬಿಡಿಸಿ ಬುಡ ನೋಡ್ರಿ" ಎಂದು ಸಂಕೋಚವಿಲ್ಲದೆ ಕೇಳಿಕೊಳ್ಳಿರಿ.

ತಲೆಹೊಟ್ಟಿನ ಬಗ್ಗೆ ಬಂದ ನಾಲ್ಕು ಪತ್ರಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡಿದ್ದೇನೆ.